ಬಾಟಲಿಯೊಳಗಿನ ಹುಣಸೆ ಬೀಜ: ಮೂರು ವರ್ಷದೊಳಗಿನ ಕೂಸು ಯಾರ ಲೆಕ್ಕದಲ್ಲಿದೆ?

ಕಳೆದ ಬೇಸಿಗೆಯಲ್ಲಿ ಮೈಸೂರು ಸೀಮೆಯ ಒಂದು ಊರಿನ ಅಂಗನವಾಡಿಯಲ್ಲಿ ಮಧ್ಯಾಹ್ನದ ಹೊತ್ತು ಕೂತಿದ್ದೆ. ಊಟ ಮುಗಿಸಿದ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದ್ದವು. ಮನೆಗೆ ಒಯ್ಯುವ ಆಹಾರದ ಪೊಟ್ಟಣಕ್ಕಾಗಿ ಆರೇಳು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದಿದ್ದರು. ಟೀಚರ್ ಅವರನ್ನು ಹಾಗೇ ಕಳಿಸಲಿಲ್ಲ. ಗೋಡೆ ಬದಿಗೆ ಕೂರಿಸಿ, ಖಾಲಿ ನೀರಿನ ಬಾಟಲಿಗೆ ಒಂದು ಹಿಡಿ ಹುಣಸೆ ಬೀಜ ಹಾಕಿ, ಮುಚ್ಚಳ ಬಿಗಿದು, ಕೂಸು ಬಿಚ್ಚದ ಹಾಗೆ ಅದರ ಮೇಲೆ ಟೇಪು ಸುತ್ತಿದರು. ಹತ್ತು ತಿಂಗಳ ಒಂದು ಕೂಸಿನ ಎದುರು ಕೂತು ಬಾಟಲಿ ಅಲ್ಲಾಡಿಸಿ ನಿಲ್ಲಿಸಿದರು. ಕೂಸು ಬಾಟಲಿ ನೋಡಿತು, ಟೀಚರ ಮುಖ ನೋಡಿತು, ಆಮೇಲೆ "ಆ" ಅಂತು. ಟೀಚರೂ "ಆ... ಇನ್ನೊಂದ್ಸಲ ಬೇಕಾ ನಿಂಗೆ?" ಅಂದು ಮತ್ತೆ ಅಲ್ಲಾಡಿಸಿದರು.

ಕೂಸಿನ ತಾಯಿಗೆ ನಾಚಿಕೆ, ಜೊತೆಗೆ ಅನುಮಾನ. "ಮಾತೇ ಬರ್ದಿರೋ ಕೂಸ್ ಜೊತೆ ಏನ್ ಮಾತಾಡದು ಮಿಸ್ಸೇ?"

"ಅದು ಮಾತಾಡ್ತಾನೇ ಅದೆ ನೋಡವ್ವ. ನೀನ್ ಉತ್ರ ಕೊಡು, ಅಷ್ಟೆ."

ಅಷ್ಟರಲ್ಲಿ ಟೀಚರ ಫೋನು ಬಡಿದುಕೊಂಡಿತು. ಆ ದಿನದ ಫೋಟೊಗಳು ಮೂರು ಗಂಟೆಯೊಳಗೆ ಅಪ್‌ಲೋಡ್ ಆಗಬೇಕಂತೆ. ತಾಯಂದಿರು ಸೆರಗು ಸರಿಮಾಡಿಕೊಂಡು ಎದ್ದರು. ಹತ್ತು ನಿಮಿಷ ಆಗಿತ್ತೋ ಇಲ್ಲವೋ.

ಆ ಹತ್ತು ನಿಮಿಷದಲ್ಲಿ ನಡೆದದ್ದಕ್ಕೆ ಜಗತ್ತಿನಲ್ಲಿ ನಲವತ್ತು ವರ್ಷಗಳ ಸಂಶೋಧನೆಯ ಬೆಂಬಲವಿದೆ. ತಂದೆ ತಾಯಿಯ ಜೊತೆ ನಿಂತು, ಮಗುವಿನೊಂದಿಗೆ ಆಡುವುದನ್ನು, ಮಾತಾಡುವುದನ್ನು, ಸಿಟ್ಟು ಬಂದಾಗ ತಡೆದುಕೊಳ್ಳುವುದನ್ನು ಅಭ್ಯಾಸ ಮಾಡಿಸುವ ಕಾರ್ಯಕ್ರಮಗಳು ಮಗುವಿನ ಬದುಕನ್ನು ದೊಡ್ಡವರಾಗುವ ತನಕ ಬದಲಿಸಬಲ್ಲವು ಎಂದು ಆ ಸಂಶೋಧನೆ ಹೇಳುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಕಟ್ಟಡವಿದೆ, ಊರಿಗೊಬ್ಬ ಕಾರ್ಯಕರ್ತೆ ಇದ್ದಾಳೆ, ಎರಡು ವರ್ಷಗಳ ಹಿಂದೆ ಬಂದ ಪಠ್ಯವೂ ಇದೆ. ಹತ್ತು ನಿಮಿಷ ಮಾತ್ರ ಯಾರ ವೇಳಾಪಟ್ಟಿಯಲ್ಲೂ ಇಲ್ಲ.

ಕಿಂಗ್‌ಸ್ಟನ್‌ನ 129 ಮಕ್ಕಳು

ಈ ವಿಷಯ ಯಾರು ಎತ್ತಿದರೂ ಮೊದಲು ಜಮೈಕಾಕ್ಕೇ ಹೋಗಬೇಕು. 1986-87ರಲ್ಲಿ ಅಲ್ಲಿನ ರಾಜಧಾನಿ ಕಿಂಗ್‌ಸ್ಟನ್‌ನ ಬಡ ಕೇರಿಗಳಲ್ಲಿ ವೈದ್ಯೆ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಅವರ ಸಹೋದ್ಯೋಗಿಗಳು ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಗುರುತಿಸಿದರು. ಎಲ್ಲ ಮಕ್ಕಳೂ 9ರಿಂದ 24 ತಿಂಗಳೊಳಗಿನವು. ಅವುಗಳನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೊ ಹಾಲಿನ ಪುಡಿಯಂಥ ಪೂರಕ ಆಹಾರ. ಇನ್ನೊಂದಕ್ಕೆ ವಾರಕ್ಕೊಮ್ಮೆ ಒಂದು ಗಂಟೆ ಮನೆ ಭೇಟಿ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಹೀಗೆ ಎರಡು ವರ್ಷ ನಡೆಯಿತು.

ಮನೆಗೆ ಹೋಗುತ್ತಿದ್ದವರು ಮನಶ್ಶಾಸ್ತ್ರಜ್ಞರಲ್ಲ, ಪದವೀಧರರೂ ಅಲ್ಲ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರದ ಸಹಾಯಕಿಯರು. ಆಟಿಕೆಗಳೂ ಅಂಗಡಿಯವಲ್ಲ. ಬಾಟಲಿ, ಡಬ್ಬಿ, ರಟ್ಟು, ಬಟ್ಟೆ ಚೂರಿನಿಂದ ಮಾಡಿದವು.

ಎರಡು ವರ್ಷ ಮುಗಿದಾಗ ಆಹಾರವೂ ಉಪಯೋಗವಾಗಿತ್ತು, ಆಟವೂ ಉಪಯೋಗವಾಗಿತ್ತು. ಎರಡನ್ನೂ ಪಡೆದ ಮಕ್ಕಳು ಬೆಳವಣಿಗೆಯ ಪರೀಕ್ಷೆಯಲ್ಲಿ ಕುಂಠಿತರಲ್ಲದ ಅದೇ ಕೇರಿಯ ಮಕ್ಕಳ ಹತ್ತಿರಕ್ಕೆ ಬಂದಿದ್ದವು. ಆದರೆ ಈ ಅಧ್ಯಯನಕ್ಕೆ ಹೆಸರು ಬಂದದ್ದು ಆಮೇಲಿನ ಕತೆಯಿಂದ. ಸಂಶೋಧಕರು ಆ ಮಕ್ಕಳ ಜಾಡು ಬಿಡಲಿಲ್ಲ. ಬೆಳೆಯುತ್ತಾ ಹೋದ ಹಾಗೆ ಬರಿಯ ಆಹಾರದ ಪ್ರಭಾವ ಕಾಣದಾಯಿತು, ಆಟ ಮತ್ತು ಮಾತಿನ ಪ್ರಭಾವ ಉಳಿಯಿತು. 22ನೇ ವಯಸ್ಸಿಗೆ, ಮನೆ ಭೇಟಿ ಸಿಕ್ಕಿದ್ದವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ ಇತ್ತು, ಹೊಡೆದಾಟಕ್ಕೆ ಬಿದ್ದವರೂ ಕಡಿಮೆ. ಅವರ ಸಂಪಾದನೆ ಭೇಟಿ ಸಿಗದವರಿಗಿಂತ ಶೇ 25ರಷ್ಟು ಹೆಚ್ಚು ಎಂದು ಪಾಲ್ ಗರ್ಟ್ಲರ್, ಅರ್ಥಶಾಸ್ತ್ರದ ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಮೊದಲಾದವರು 2014ರಲ್ಲಿ ತೋರಿಸಿದರು. 31ನೇ ವಯಸ್ಸಿನಲ್ಲಿ ಮತ್ತೆ ಲೆಕ್ಕ ಹಾಕಿದಾಗ ಅಂತರ ಶೇ 37ಕ್ಕೆ ಏರಿತ್ತು.

129 ಮಕ್ಕಳೆಂದರೆ ಸಣ್ಣ ಸಂಖ್ಯೆ. ಒಂದೇ ಊರಿನ ಫಲಿತಾಂಶದ ಮೇಲೆ ದೇಶದ ನೀತಿ ಕಟ್ಟಬಾರದು. ಆದರೂ ವಾರದಲ್ಲಿ ಒಂದು ಗಂಟೆ ನೆಲದ ಮೇಲೆ ಕೂತು ಆಡಿದ ಆಟ ಮೂವತ್ತು ವರ್ಷದ ನಂತರದ ಸಂಬಳದ ಚೀಟಿಯಲ್ಲಿ ಕಾಣಿಸುತ್ತದೆ ಅಂದರೆ ಆ ಒಂದು ಗಂಟೆಯಲ್ಲಿ ಏನಾಗುತ್ತಿತ್ತು ಅಂತ ಹತ್ತಿರದಿಂದ ನೋಡಲೇಬೇಕು.

ಭೇಟಿಯಲ್ಲಿ ನಡೆಯುವುದೇನು?

ಬಂದವಳು ಮೊದಲು ತಾಯಿಯ ಕ್ಷೇಮ ಕೇಳುತ್ತಾಳೆ. ವಾರ ಹೇಗಿತ್ತು, ಕೂಸಿಗೆ ಜ್ವರ ಬಿಟ್ಟಿತೇ, ನಿನಗೆ ನಿದ್ದೆ ಬರುತ್ತಿದೆಯೇ. ಆಮೇಲೆ ಹೋದ ವಾರ ಬಿಟ್ಟುಹೋದ ಆಟಿಕೆ ತೆಗೆಸುತ್ತಾಳೆ. ಕೂಸು ಅದರಿಂದ ಏನು ಮಾಡಲು ಕಲಿತಿದೆ ಎಂದು ತಾಯಿಯೇ ತೋರಿಸಬೇಕು. ತೋರಿಸಿದ್ದಕ್ಕೆ ಮೆಚ್ಚುಗೆ. ನಂತರ ಹೊಸ ಆಟಿಕೆ: ಒಂದರೊಳಗೊಂದು ಕೂರುವ ಡಬ್ಬಿಗಳೋ, ಮನೆಯಲ್ಲಿ ಕಾಣುವ ವಸ್ತುಗಳ ಚಿತ್ರವಿರುವ ರಟ್ಟಿನ ಪುಸ್ತಕವೋ. ಬಂದವಳು ಒಮ್ಮೆ ಆಡಿ ತೋರಿಸಿ ಹಿಂದೆ ಸರಿಯುತ್ತಾಳೆ, ತಾಯಿ ಮುಂದೆ ಬರುತ್ತಾಳೆ. ಹೋಗುವಾಗ ಹೊಸದನ್ನು ಬಿಟ್ಟು ಹಳೆಯದನ್ನು ಬೇರೆ ಮನೆಗೆ ಒಯ್ಯುತ್ತಾಳೆ. ಅಡುಗೆ ಮಾಡುವಾಗ, ಸ್ನಾನ ಮಾಡಿಸುವಾಗ, ಬಟ್ಟೆ ಒಗೆಯುವಾಗ ಕೂಸಿಗೆ ಏನು ಹೇಳಬಹುದು ಅನ್ನುವುದೂ ಮಾತಿನ ನಡುವೆ ಬಂದುಹೋಗುತ್ತದೆ.

ಇಲ್ಲಿ ಉಪದೇಶ ಇಲ್ಲ. ಈ ಇಡೀ ವಿಷಯದ ಕೀಲಿಕೈ ಇದೇ ಅಂತ ನಾನು ನಂಬಿದ್ದೇನೆ. ನಮ್ಮಲ್ಲಿ ತಾಯಂದಿರಿಗೆ ಉಪದೇಶದ ಕೊರತೆ ಯಾವತ್ತೂ ಆಗಿಲ್ಲ. ಅತ್ತೆಯದು ಒಂದು, ಆಸ್ಪತ್ರೆಯದು ಒಂದು, ಅಂಗನವಾಡಿ ಗೋಡೆಯ ಪೋಸ್ಟರಿನದು ಇನ್ನೊಂದು. ತಾಯಿ ಕಾರ್ಡಿನಲ್ಲೂ ಯಾವ ತಿಂಗಳಿಗೆ ಕೂಸು ಏನು ಮಾಡಬೇಕು, ಅದರ ಜೊತೆ ಹೇಗೆ ಆಡಬೇಕು ಅನ್ನುವ ಚಿತ್ರಗಳಿವೆ. ಆ ಪುಟ ತೆರೆದು ತಾಯಿಯೊಂದಿಗೆ ಕೂತವರನ್ನು ನಾನು ಕಂಡದ್ದು ಬಹಳ ಕಡಿಮೆ. ಚುಚ್ಚುಮದ್ದಿನ ಪುಟ ಮಾತ್ರ ಮಡಚಿ ಮಡಚಿ ಸವೆದಿರುತ್ತದೆ. "ನೀನು ತಪ್ಪು ಮಾಡುತ್ತಿದ್ದೀಯ" ಎಂದು ಕೇಳಿಸಿಕೊಂಡ ತಾಯಿ ಮುಂದಿನ ಸಲ ಬಾಗಿಲ ಮರೆಗೆ ಸರಿಯುತ್ತಾಳೆ. "ನೋಡು, ನಿನ್ನ ದನಿ ಕೇಳಿದ ಕೂಡಲೇ ಹೇಗೆ ತಿರುಗಿತು" ಎಂದು ಕೇಳಿಸಿಕೊಂಡವಳು ಮತ್ತೆ ಕರೆದು ನೋಡುತ್ತಾಳೆ.

ಕೂಸಿನ ಮಿದುಳು ಬೆಳೆಯುವುದು ಇಂಥ ಕೊಟ್ಟು ತೆಗೆದುಕೊಳ್ಳುವ ಆಟದಲ್ಲೇ. ಕೂಸು ದನಿ ಮಾಡುತ್ತದೆ, ಎದುರಿನವರು ಮರುದನಿ ಕೊಡುತ್ತಾರೆ. ಕೂಸು ಬೆರಳು ತೋರಿಸುತ್ತದೆ, ಎದುರಿನವರು ಅದರ ಹೆಸರು ಹೇಳುತ್ತಾರೆ. ದಿನಕ್ಕೆ ನೂರಾರು ಸಲ ನಡೆಯುವ ಈ ಸಣ್ಣ ವ್ಯವಹಾರ ಭಾಷೆಗೂ, ಗಮನಕ್ಕೂ, ನಂಬಿಕೆಗೂ ತಳಪಾಯ. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಎಣ್ಣೆ ಹಚ್ಚಿ ನೀರೆರೆಯುವಾಗ ಕೈಕಾಲು ನೀವುತ್ತಾ ಒಂದೊಂದಕ್ಕೂ ಒಂದೊಂದು ಮಾತು, ಅಂಗೈಯ ಮೇಲೆ ಕಾಗೆಗೂ ಗುಬ್ಬಿಗೂ ಅನ್ನ ಬಡಿಸಿ ಕಂಕುಳಿನವರೆಗೆ ಬೆರಳು ನಡೆಸಿ ಕಚಗುಳಿ, ಚಂದ್ರನನ್ನು ತೋರಿಸಿ ತುತ್ತು. ಬಾಣಂತನ ಮುಗಿಸಿ ಬೆಂಗಳೂರಿನ ಒಂದು ಕೋಣೆಯ ಮನೆಗೆ ಮರಳುವ ಹುಡುಗಿಯ ಜೊತೆ ಆ ಅಜ್ಜಿ ಹೋಗುವುದಿಲ್ಲ. ಗಾರ್ಮೆಂಟ್ಸ್‌ನಿಂದ ಸಂಜೆ ದಣಿದು ಬಂದವಳಿಗೆ ಕೂಸನ್ನು ಸುಮ್ಮನಿರಿಸಲು ಮೊಬೈಲು ಸಿಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ತೋರಿಸಲೇಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳಿದೆ. ಒಲೆ ಹೊತ್ತಿಸಿದಾಗ ಕೂಸನ್ನು ನೋಡಿಕೊಳ್ಳುವವರು ಯಾರು ಅನ್ನುವ ಪ್ರಶ್ನೆ ಮಾತ್ರ ಅವಳಿಗೇ ಉಳಿಯುತ್ತದೆ.

ಒಡಿಶಾ, ಸಿಂಧ್, ಬಾಂಗ್ಲಾದೇಶ

ಜಮೈಕಾದ ಪಾಠ ಭಾರತಕ್ಕೂ ಬಂದಿದೆ. ಒಡಿಶಾದ ಕಟಕ್ ನಗರದ 54 ಕೊಳೆಗೇರಿಗಳಲ್ಲಿ 421 ಮಕ್ಕಳ ಮನೆಗಳಲ್ಲಿ ಇದರ ಪರೀಕ್ಷೆ ನಡೆಯಿತು. ಶಿಕ್ಷಣ ಕ್ಷೇತ್ರದ ಪ್ರಥಮ್ ಸಂಸ್ಥೆ ಜೊತೆಗಿತ್ತು. ಅದೇ ಕೇರಿಗಳ ಹೆಂಗಸರು ತರಬೇತಿ ಪಡೆದು 18 ತಿಂಗಳ ಕಾಲ ವಾರವಾರ ಮನೆಗೆ ಹೋದರು. ಭೇಟಿ ಪಡೆದ ಮಕ್ಕಳ ಗ್ರಹಿಕೆಯ ಮಟ್ಟ ಸ್ಪಷ್ಟವಾಗಿ ಮೇಲಕ್ಕೆ ಬಂತು.

ಆಮೇಲೆ ಹಳ್ಳಿಗಳ ಸರದಿ. ಒಡಿಶಾದ 192 ಹಳ್ಳಿಗಳಲ್ಲಿ ನಡೆದ ಅಧ್ಯಯನ ಕೇಳಿದ ಪ್ರಶ್ನೆ ನಮಗೆ ಬಹಳ ಹತ್ತಿರದ್ದು: ಮನೆಮನೆಗೆ ಹೋಗಲೇಬೇಕೇ, ತಾಯಂದಿರನ್ನು ಕೂಸುಗಳ ಸಮೇತ ಒಂದೆಡೆ ಸೇರಿಸಿದರೆ ಸಾಲದೇ? ಕೆಲವು ಹಳ್ಳಿಗಳಲ್ಲಿ ವಾರದ ಮನೆ ಭೇಟಿ, ಕೆಲವು ಹಳ್ಳಿಗಳಲ್ಲಿ ವಾರದ ಗುಂಪು ಸಭೆ. ಎರಡು ವರ್ಷದ ಕೊನೆಯಲ್ಲಿ ಎರಡೂ ಕಡೆ ಮಕ್ಕಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮುಂದೆ ಬಂದಿದ್ದರು. ಖರ್ಚಿನಲ್ಲಿ ಮಾತ್ರ ಅಜಗಜಾಂತರ. ಮಗುವೊಂದಕ್ಕೆ ವರ್ಷಕ್ಕೆ ಮನೆ ಭೇಟಿಗೆ ಸುಮಾರು 135 ಡಾಲರ್ ಆದರೆ ಗುಂಪಿಗೆ 38 ಡಾಲರ್. ಗುಂಪಿನಲ್ಲಿ ಒಬ್ಬಳ ಕೂಸು ಮಾಡಿದ್ದನ್ನು ಇನ್ನೊಬ್ಬಳು ನೋಡುತ್ತಾಳೆ, ನಮ್ಮನೆಯದೂ ಹೀಗೇ ಅನ್ನುತ್ತಾಳೆ. ಹೊರಗೆ ಹೋಗಲು ಒಂದು ನೆಪವೂ ಸಿಗುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಊರಿನಲ್ಲಿ ಆ ನೆಪದ ಬೆಲೆ ಏನೆಂದು ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ.

ಹೊಸ ಕಾರ್ಯಕರ್ತೆಯರನ್ನು ನೇಮಿಸದೆ ಇದ್ದವರಿಂದಲೇ ಮಾಡಿಸಬಹುದೇ? ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ನೌಶಹ್ರೊ ಫಿರೋಜ್‌ನಲ್ಲಿ ಸರ್ಕಾರಿ ಆರೋಗ್ಯ ಕಾರ್ಯಕರ್ತೆಯರೇ ತಿಂಗಳಿಗೊಂದು ಮನೆ ಭೇಟಿ, ತಿಂಗಳಿಗೊಂದು ಗುಂಪು ಸಭೆ ನಡೆಸಿದರು. ಮಕ್ಕಳ ಭಾಷೆ, ಗ್ರಹಿಕೆ, ಕೈಕಾಲಿನ ಚಲನೆ ಮೂರೂ ಸುಧಾರಿಸಿದ್ದು 2014ರಲ್ಲಿ ಪ್ರಕಟವಾಯಿತು. ಬಾಂಗ್ಲಾದೇಶದ 90 ಸಮುದಾಯ ಕ್ಲಿನಿಕ್‌ಗಳಲ್ಲಿ ಸರ್ಕಾರಿ ಸಿಬ್ಬಂದಿ ಇಬ್ಬಿಬ್ಬರು ತಾಯಂದಿರನ್ನು ಕೂಸುಗಳ ಜೊತೆ ಹದಿನೈದು ದಿನಕ್ಕೊಮ್ಮೆ ಕೂರಿಸಿಕೊಂಡು ಒಂದು ವರ್ಷ ಇದೇ ಕೆಲಸ ಮಾಡಿದರು. ತೂಕ ಕಡಿಮೆಯಿದ್ದ ಮಕ್ಕಳು ಅವು. ಗ್ರಹಿಕೆಯಲ್ಲಿ ಕಂಡ ಏರಿಕೆ ಇಂಥ ಅಧ್ಯಯನಗಳಲ್ಲಿ ಅಪರೂಪಕ್ಕೆ ಸಿಗುವಷ್ಟು ದೊಡ್ಡದು.

ಹದಿನೈದು ದಿನಕ್ಕೊಮ್ಮೆ ಅನ್ನುವುದನ್ನು ನೆನಪಿಡಿ. ಪೋಷಣ್ ಅಭಿಯಾನದಡಿ ನಮ್ಮ ಅಂಗನವಾಡಿಗಳಲ್ಲಿ ತಿಂಗಳಿಗೆ ಎರಡು ಸಮುದಾಯ ಕಾರ್ಯಕ್ರಮ ನಡೆಯಬೇಕೆಂದು ಈಗಾಗಲೇ ನಿಯಮವಿದೆ. ಗರ್ಭಿಣಿಗೆ ಸೀಮಂತ, ಆರು ತಿಂಗಳ ಕೂಸಿಗೆ ಅನ್ನಪ್ರಾಶನ ಇತ್ಯಾದಿ. ಅರಿಶಿನ ಕುಂಕುಮ, ಬಳೆ, ಒಂದು ಫೋಟೊ, ಮುಗಿಯಿತು. ಅದೇ ದಿನ, ಅದೇ ತಾಯಂದಿರು, ಅದೇ ಕೋಣೆ. ಇನ್ನೊಂದು ಅರ್ಧ ಗಂಟೆ ಸೇರಿಸಿದರೆ ಬಾಂಗ್ಲಾದೇಶದ ಲೆಕ್ಕಕ್ಕೆ ಹತ್ತಿರ ಬರುತ್ತೇವೆ.

ತಿ. ನರಸೀಪುರದಿಂದ ಇಲ್ಲಿಯವರೆಗೆ

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಶಾಲೆಯಿಲ್ಲದ ಹಾಡಿ, ತಾಂಡಾಗಳಲ್ಲೂ ಅಂಗನವಾಡಿ ಇರುತ್ತದೆ. ಹುಟ್ಟಿನಿಂದ ಆರು ವರ್ಷದವರೆಗಿನ ಮಗು ಈ ಯೋಜನೆಯ ಹೊಣೆ.

ಕಾಗದದ ಮೇಲಿನ ಆರು ವರ್ಷ ನಿತ್ಯದ ಕೆಲಸದಲ್ಲಿ ಎರಡು ಭಾಗವಾಗಿ ಒಡೆದುಕೊಂಡಿದೆ. ಮೂರು ವರ್ಷ ದಾಟಿದ ಮಗು ಕೇಂದ್ರಕ್ಕೆ ಬರುತ್ತದೆ, ಹಾಡುತ್ತದೆ, ಉಣ್ಣುತ್ತದೆ. ಮೂರು ತುಂಬದ ಕೂಸು ಮನೆಯಲ್ಲಿರುತ್ತದೆ, ಅದರ ಹೆಸರಿನ ಪೊಟ್ಟಣ ಮಾತ್ರ ಕೇಂದ್ರದಿಂದ ಮನೆಗೆ ಹೋಗುತ್ತದೆ. ತೂಕ ಹಾಕುತ್ತಾರೆ, ಚುಚ್ಚುಮದ್ದು ನೆನಪಿಸುತ್ತಾರೆ. ಅದರ ಮನಸ್ಸು ಯಾರ ರಿಜಿಸ್ಟರಿನಲ್ಲೂ ಇಲ್ಲ.

ಕಳೆದ ಕೆಲವು ವರ್ಷಗಳ ನಮ್ಮ ಚರ್ಚೆಯನ್ನೇ ನೋಡಿ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದರೆ ಅಂಗನವಾಡಿ ಬರಿದಾಗುತ್ತದೆ ಎಂದು 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದರು. ಅಂಗನವಾಡಿಗಳನ್ನೇ ಸರ್ಕಾರಿ ಮಾಂಟೆಸರಿ ಮಾಡುವ ಕೆಲಸವೂ ಅದೇ ವರ್ಷ ಆರಂಭವಾಯಿತು. ಅವರ ಆತಂಕ ನ್ಯಾಯವಾದದ್ದೇ. ಆದರೆ ಇಡೀ ಜಗಳ ಮೂರು ವರ್ಷ ದಾಟಿದ, ಸಮವಸ್ತ್ರ ತೊಡುವ ಮಗುವಿನ ಬಗ್ಗೆ. ತೊಟ್ಟಿಲ ಕೂಸಿಗಾಗಿ ಯಾವ ಪಕ್ಷವೂ, ಯಾವ ಸಂಘಟನೆಯೂ ದನಿಯೆತ್ತಿದ್ದು ಕೇಳಲಿಲ್ಲ.

ಬದಲಾವಣೆ ಬಂದಿಲ್ಲ ಅನ್ನಲಾಗದು. ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 42 ದಿನದೊಳಗೆ ಆರು ಸಲ ಮನೆಗೆ ಹೋಗಿ ನೋಡುತ್ತಾಳೆ. 2018ರಿಂದ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೇ ತಿಂಗಳ ಭೇಟಿಗಳೂ ಸೇರಿವೆ, ಅವುಗಳಲ್ಲಿ ಆಟ ಮತ್ತು ಮಾತಿನ ಬಗ್ಗೆ ತಿಳಿಸುವುದೂ ಒಂದು ಭಾಗ. ಕೇಂದ್ರ ಸರ್ಕಾರ 2024ರಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆಂದೇ 'ನವಚೇತನ' ಎಂಬ ಚೌಕಟ್ಟು ತಂದಿತು. 36 ತಿಂಗಳಿಗೆ ಹಂಚಿದ 140 ಚಟುವಟಿಕೆಗಳು ಅದರಲ್ಲಿವೆ. ಕರ್ನಾಟಕದ ಮಾತೃಪೂರ್ಣ ಯೋಜನೆ 2017ರಿಂದ ಗರ್ಭಿಣಿ ಬಾಣಂತಿಯರನ್ನು ಬಿಸಿ ಊಟಕ್ಕೆ ಅಂಗನವಾಡಿಗೇ ಕರೆಯುತ್ತದೆ. ಎಲ್ಲರೂ ದಿನವೂ ಬರುವುದಿಲ್ಲ, ಬಾಣಂತಿ ಹೊಸಿಲು ದಾಟದ ಪದ್ಧತಿ ಇರುವ ಕಡೆ ಇನ್ನೂ ಕಡಿಮೆ. ಬಂದವರ ಮಟ್ಟಿಗೆ ಊಟದ ಮುಂದಿನ ಹತ್ತು ನಿಮಿಷ ಸಿದ್ಧವಾಗಿ ಕಾದಿರುತ್ತದೆ. ನರೇಗಾ ಕೂಲಿಗೆ ಹೋಗುವವರ ಮಕ್ಕಳಿಗೆ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023ರ ಬಜೆಟ್ ಹೇಳಿತು. ಒಳ್ಳೆಯ ಹೆಸರು, ಒಳ್ಳೆಯ ಯೋಚನೆ.

ಎಲ್ಲ ಇದ್ದೂ ಆ ಟೀಚರಿಗೆ ಬಿಡುವು ಏಕಿಲ್ಲ? ಅವಳ ಒಂದು ದಿನ ಎಣಿಸಿ ನೋಡಿ. ಮಕ್ಕಳ ಹಾಜರಿ, ಅಡುಗೆ, ಹಾಲು, ಮೊಟ್ಟೆಯ ಲೆಕ್ಕ, ಪೋಷಣ್ ಟ್ರ್ಯಾಕರ್ ಆ್ಯಪ್. 2025ರ ಜುಲೈನಿಂದ ಪೊಟ್ಟಣ ಪಡೆಯುವ ತಾಯಿಯ ಮುಖವನ್ನೂ ಫೋನು ಗುರುತಿಸಬೇಕು. ಸಿಗ್ನಲ್ ಇಲ್ಲದ ಊರಲ್ಲಿ ತಾಯಿಯನ್ನು ಬೆಳಕಿಗೆ ನಿಲ್ಲಿಸಿ, ಕಣ್ಣು ಮಿಟುಕಿಸಲು ಹೇಳಿ, ಮತ್ತೆ ಪ್ರಯತ್ನಿಸುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಮತದಾರರ ಪಟ್ಟಿ, ಸಮೀಕ್ಷೆ, ಇಲಾಖೆಯ ಬೇರೆ ಯೋಜನೆಗಳ ಅರ್ಜಿ ಬೇರೆ. ಇಷ್ಟಕ್ಕೆ ಕೇಂದ್ರ ಸರ್ಕಾರ ಕೊಡುವ ಗೌರವಧನ 2018ರಲ್ಲಿ 4,500 ರೂಪಾಯಿಗೆ ನಿಗದಿಯಾದದ್ದು. ಉಳಿದದ್ದನ್ನು ರಾಜ್ಯ ತುಂಬುತ್ತದೆ. ನೆಲದ ಮೇಲೆ ಕೂತು ಕೂಸಿನೊಡನೆ ಆಡಿದ್ದನ್ನು ನಮೂದಿಸಲು ಆ್ಯಪಿನಲ್ಲಿ ಅವಳಿಗೆ ಜಾಗ ಸಿಗುವುದಿಲ್ಲ, ಆಡದಿದ್ದರೆ ಕೇಳುವವರೂ ಇಲ್ಲ. ಅಪ್‌ಲೋಡ್ ಆಗದ ಫೋಟೊಗೆ ಮಾತ್ರ ಫೋನು ಬರುತ್ತದೆ. ನನ್ನ ಮಟ್ಟಿಗೆ, ಕರ್ನಾಟಕದಲ್ಲಿ ಈ ಕಾರ್ಯಕ್ರಮದ ಸೋಲು ಗೆಲುವು ನಿಂತಿರುವುದು ಪಠ್ಯದ ಗುಣಮಟ್ಟಕ್ಕಿಂತ ಹೆಚ್ಚಾಗಿ ಈ ಹೆಂಗಸಿನ ಸಮಯದ ಮೇಲೆ. ಒಂದು ಕೆಲಸ ಸೇರಿಸುವ ಮುನ್ನ ಎರಡು ಕೆಲಸ ಇಳಿಸಬೇಕು.

ಫಲಿತಾಂಶ ಮಾಸಿದ ಕಡೆ

ಎಲ್ಲ ಕಡೆ ಜಮೈಕಾದ ಫಲ ಬಂದಿಲ್ಲ ಎನ್ನುವುದನ್ನೂ ಹೇಳಬೇಕು. ಕೊಲಂಬಿಯಾದ 96 ಪಟ್ಟಣಗಳಲ್ಲಿ ನಡೆದ ಇಂಥದೇ ಕಾರ್ಯಕ್ರಮ ಮೊದಲಿಗೆ ಚೆನ್ನಾಗಿ ಫಲಕೊಟ್ಟಿತು. ಭೇಟಿಗಳು ನಿಂತು ಎರಡು ವರ್ಷವಾದ ಮೇಲೆ ನೋಡಿದರೆ ಮಕ್ಕಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ಪೆರು ದೇಶ 'ಕುನಾ ಮಾಸ್' ಹೆಸರಿನಲ್ಲಿ ಇದನ್ನು ಸರ್ಕಾರದ ದೊಡ್ಡ ಯೋಜನೆ ಮಾಡಿದಾಗ ಸುಧಾರಣೆ ಕಂಡಿತು, ಪ್ರಮಾಣ ಮಾತ್ರ ಸಣ್ಣದು. ಕೆಲವೇ ಕಾರ್ಯಕರ್ತೆಯರ ಬೆನ್ನಿಗೆ ನುರಿತ ಮೇಲ್ವಿಚಾರಕರು ನಿಂತಾಗ ಸಿಗುವ ಗುಣ, ಸಾವಿರಾರು ಊರಿಗೆ ಹರಡಿದಾಗ ತೆಳುವಾಗುತ್ತದೆ. ಅಲ್ಲದೆ ಎರಡು ವರ್ಷ ಆಸರೆ ಕೊಟ್ಟು ಆಮೇಲೆ ಕೈಬಿಟ್ಟರೆ, ಮಗು ಸೇರುವ ಶಾಲೆಯೂ ಸೊರಗಿದ್ದರೆ, ಗಳಿಸಿದ್ದು ಸೋರಿಹೋಗುವುದು ಸಹಜ. ಇದರಿಂದ ನಮಗೆ ಸಿಗುವ ಪಾಠ ಎಂದರೆ ಮೇಲ್ವಿಚಾರಕಿಯರ ಹುದ್ದೆ ಖಾಲಿ ಬಿಡಬಾರದು, ಅವರು ಕೇಂದ್ರಕ್ಕೆ ಬಂದಾಗ ರಿಜಿಸ್ಟರ್ ತಿರುವಿ ಹಾಕುವ ಬದಲು ಟೀಚರ ಜೊತೆ ಒಂದು ಗುಂಪು ಸಭೆಯಲ್ಲಿ ಕೂರಬೇಕು.

ಇನ್ನೊಂದು ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬಡತನದ ಹೊಣೆಯನ್ನು ತಾಯಿಯ ತಲೆಗೆ ಕಟ್ಟುವ ಉಪಾಯ ಇದು ಎನ್ನುವವರಿದ್ದಾರೆ. ಕೂಲಿ ಹೆಚ್ಚಿಸದೆ, ರಜೆ ಕೊಡದೆ "ಮಗುವಿನ ಜೊತೆ ಇನ್ನಷ್ಟು ಮಾತಾಡು" ಅನ್ನುವುದು ಸುಲಭ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, 50 ಮತ್ತು ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ಹೊಲದಲ್ಲಿ, ಮನೆಗೆಲಸದಲ್ಲಿ, ಕಟ್ಟಡದ ಕೆಲಸದಲ್ಲಿ ಇರುವವರಿಗೆ ಆ ಕಾನೂನು ತಟ್ಟುವುದಿಲ್ಲ. ಸಂಖ್ಯೆಯಲ್ಲಿ ಅವರೇ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಆರು ತಿಂಗಳು ದಾಟಿದವರಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಹಸಿದ ಹೊಟ್ಟೆಗೆ ಗಿಲಕಿ ಸಾಕಾಗದು. ಕಿಂಗ್‌ಸ್ಟನ್‌ನಲ್ಲೂ ಎರಡು ವರ್ಷದ ಕೊನೆಗೆ ಎಲ್ಲರಿಗಿಂತ ಮುಂದಿದ್ದವು ಹಾಲು ಮತ್ತು ಆಟ ಎರಡೂ ಸಿಕ್ಕ ಮಕ್ಕಳೇ.

ತಾಯಿಯ ಮನಸ್ಸಿನ ವಿಷಯವೂ ಇದೆ. ಹೆರಿಗೆಯ ನಂತರ ಖಿನ್ನತೆಗೆ ಬಿದ್ದ ಹೆಣ್ಣಿಗೆ ಕೂಸಿನ "ಆ" ಕೇಳಿಸುವುದೇ ಇಲ್ಲ. ಮನೆಯವರು ಅದನ್ನು ಸೋಮಾರಿತನ ಅನ್ನುತ್ತಾರೆ, ಗಾಳಿ ಸೋಕಿದೆ ಅನ್ನುತ್ತಾರೆ. ರಾವಲ್ಪಿಂಡಿಯ ಹಳ್ಳಿಗಳಲ್ಲಿ ಮನೋವೈದ್ಯ ಆತಿಫ್ ರೆಹಮಾನ್ ಅವರ ತಂಡ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೇ ಇಂಥ ತಾಯಂದಿರ ಜೊತೆ ಮಾತಾಡುವ ಕ್ರಮ ಕಲಿಸಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ತಿಂಗಳ ನಂತರ ಆ ಭೇಟಿ ಸಿಕ್ಕ ತಾಯಂದಿರಲ್ಲಿ ಶೇ 23 ಮಂದಿಗೆ ಖಿನ್ನತೆ ಉಳಿದಿತ್ತು, ಸಿಗದವರಲ್ಲಿ ಶೇ 53 ಮಂದಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಜೊತೆಯಲ್ಲೇ ಇಟ್ಟು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಅಲ್ಲಿಗೆ ತಲುಪುವವರು ಕೆಲವರೇ. ಊರಲ್ಲಿ ಮೊದಲು ಗಮನಿಸಬಲ್ಲವಳು ಮತ್ತೆ ಅದೇ ಟೀಚರ್, ಅದೇ ಆಶಾ. ಈಗ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ತಾಯಿ ಕಾರ್ಡಿನ ಮೇಲೆ ಈ ಸಂಖ್ಯೆಯನ್ನು ದೊಡ್ಡದಾಗಿ ಬರೆಯಬೇಕು.

ಮಗು ದೊಡ್ಡದಾದ ಮೇಲಿನ ದೊಡ್ಡ ಪ್ರಶ್ನೆ ಹೊಡೆತ. ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 40 ಕೋಟಿ ಮಕ್ಕಳು ಮನೆಯಲ್ಲಿ ಶಿಸ್ತಿನ ಹೆಸರಲ್ಲಿ ಹೊಡೆತ, ಬೈಗುಳ ತಿನ್ನುತ್ತಾರೆ ಎಂದು ಯುನಿಸೆಫ್ 2024ರಲ್ಲಿ ಲೆಕ್ಕ ಕೊಟ್ಟಿತು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯಲ್ಲಿ ಹೊಡೆಯದೆ ಮಗುವನ್ನು ಸಂಭಾಳಿಸುವುದು ಹೇಗೆಂದು ಕಲಿಸಿದವರಿಲ್ಲ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ನಲ್ಲಿ 552 ಕುಟುಂಬಗಳನ್ನು ಒಳಗೊಂಡ ಅಧ್ಯಯನದಲ್ಲಿ, ಹದಿಹರೆಯದ ಮಕ್ಕಳನ್ನೂ ಪೋಷಕರನ್ನೂ ಒಟ್ಟಿಗೆ ಕೂರಿಸಿ 14 ವಾರ ನಡೆಸಿದ ಸಭೆಗಳಿಂದ ಹೊಡೆತ ಬಡಿತ ಕಡಿಮೆಯಾಯಿತು. ಆ ಸಭೆಗಳಲ್ಲಿ ಮನೆಯ ಖರ್ಚು ನಿಭಾಯಿಸುವ, ಉಳಿತಾಯ ಮಾಡುವ ಮಾತೂ ಇತ್ತು. ಸಾಲದ ಒತ್ತಡ ಮಗುವಿನ ಬೆನ್ನ ಮೇಲೆ ಇಳಿಯುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಇಷ್ಟೂ ಮಾತಿನಲ್ಲಿ ಅಪ್ಪ ಕಾಣಿಸಲಿಲ್ಲ. ಹೆಚ್ಚಿನ ಕಾರ್ಯಕ್ರಮಗಳಲ್ಲೂ ಕಾಣಿಸುವುದಿಲ್ಲ. ರುವಾಂಡಾ ದೇಶದ ಬಂದೆಬೆರೆಹೊ ಕಾರ್ಯಕ್ರಮ ಅಪ್ಪಂದಿರನ್ನೇ, ಹೆಂಡತಿಯರ ಜೊತೆ, ಗುಂಪಾಗಿ ಕೂರಿಸಿತು. ಮನೆಗೆಲಸ ಹಂಚಿಕೊಳ್ಳುವ ಬಗ್ಗೆ, ಕೂಸು ಎತ್ತಿಕೊಳ್ಳುವ ಬಗ್ಗೆ, ಕೈ ಎತ್ತುವ ಬಗ್ಗೆ ಮಾತಾಡಿಸಿತು. ಹೆಂಡತಿಯ ಮೇಲಿನ ಹಿಂಸೆಯೂ ಮಕ್ಕಳ ಮೇಲಿನ ಹೊಡೆತವೂ ಇಳಿದವು. ಆರು ವರ್ಷದ ನಂತರವೂ ವ್ಯತ್ಯಾಸ ಇತ್ತು. ನಮ್ಮ ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಗೂ ಅಪ್ಪಂದಿರು ಬರುವುದು ಅಪರೂಪ. ಭಾನುವಾರ ಸಂಜೆ ಕರೆದರೆ ಬಂದಾರು. ಕರೆಯಬೇಕಷ್ಟೆ.

ಮಳೆ ಶುರುವಾದ ಮೇಲೆ ಆ ಊರಿಗೆ ಇನ್ನೊಂದು ಸಲ ಹೋಗಿದ್ದೆ. ಅದೇ ತಾಯಿ ಪೊಟ್ಟಣಕ್ಕೆ ಬಂದಿದ್ದಳು. ಕೂಸು ಈಗ ಗೋಡೆ ಹಿಡಿದು ನಿಲ್ಲುತ್ತಿತ್ತು. ಟೀಚರ್ ಫೋನಿನಿಂದ ತಲೆಯೆತ್ತಿ ಬಾಟಲಿ ಏನಾಯಿತೆಂದು ಕೇಳಿದರು.

"ಅದು ಒಡ್ದೋಯ್ತು ಮಿಸ್ಸೇ. ನಮ್ಮನೆಯವ್ರು ಎರಡು ಮಾಡ್ಕೊಟ್ರು. ಒಂದ್ರಲ್ಲಿ ಹುಣ್ಸೆ ಬೀಜ, ಒಂದ್ರಲ್ಲಿ ರಾಗಿ. ಸದ್ದು ಬೇರೆ ಬೇರೆ ಬತ್ತದೆ. ರಾತ್ರಿ ಅವ್ರು ಬಾಗ್ಲಾಚೆ ನಿಂತ್ಕೊಂಡು ರಾಗಿದು ಅಲ್ಲಾಡ್ಸಿದ್ರೆ ಸಾಕು, ಇದು ಅಂಬೆಗಾಲಿಕ್ಕೊಂಡು ಬಾಗ್ಲಿಗೆ ಓಯ್ತದೆ."